ಪಿಎಸ್‌ಎ ರಕ್ತಪರೀಕ್ಷೆ: ಕೈಯೊಡ್ಡುವ ಮೊದಲು ಎರಡು ಮಾತು

ಮುಂಬಯಿಯ ನಮ್ಮ ಸಂಘ-ಸಂಸ್ಥೆಗಳ ಆರೋಗ್ಯ ತಪಾಸಣಾ ಶಿಬಿರಗಳಲ್ಲಿ ಸಕ್ಕರೆ, ರಕ್ತದೊತ್ತಡಕ್ಕೆಂದು ಸಾಲು ನಿಂತ ಹಿರಿಯರಿಗೆ, ಐವತ್ತು ದಾಟಿದ ಗಂಡಸರಿಗೆ ಪಿಎಸ್‌ಎ ಪರೀಕ್ಷೆಯೂ ಇದೆ ಎಂದರೆ 'ಅದೂ ಒಂದು ಆಗಿಬಿಡಲಿ' ಎನ್ನುವುದುಂಟು. ಉಚಿತವೆಂದರೆ ಬೇಡ ಎನ್ನಲು ನಮಗೆ ಬಾಯಿ ಬಾರದು! ಆದರೆ ಇದು ಸಕ್ಕರೆ ಪರೀಕ್ಷೆಯಷ್ಟು ಸರಳವಲ್ಲ.

ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯಲ್ಲಿ ತಯಾರಾಗುವ ಒಂದು ಪ್ರೋಟೀನೇ ಪಿಎಸ್‌ಎ. ರಕ್ತದಲ್ಲಿ ಅದು 4 ನ್ಯಾನೋಗ್ರಾಂ ದಾಟಿದರೆ ಹೆಚ್ಚು ಎನ್ನುವುದು ಹಳೆಯ ರೂಢಿ. ಬ್ಯಾಂಕಿನ ಕೌಂಟರಿನಲ್ಲಿ ನೋಟೆಣಿಸುವ ಯಂತ್ರ ಸದ್ದು ಮಾಡಿ ನಿಂತರೆ ಆ ನೋಟು ಖೋಟಾ ಎಂದೇ ಅರ್ಥವಲ್ಲ, ಮಡಚಿದ ನೋಟಿಗೂ ಅದು ನಿಲ್ಲುತ್ತದೆ. ಇಲ್ಲಿಯೂ ಹಾಗೆಯೇ. ವಯಸ್ಸಿಗೆ ಗ್ರಂಥಿ ದಪ್ಪವಾದರೂ, ಮೂತ್ರದ ಸೋಂಕಾದರೂ ಅಂಕಿ ಏರುತ್ತದೆ. ನಮ್ಮ ನಿವೃತ್ತ ಸಹೋದ್ಯೋಗಿಯೊಬ್ಬರ ವರದಿಯಲ್ಲಿ 7 ಎಂದು ಬಂದಾಗ ಮನೆಮಂದಿಗೆ ಮೂರು ದಿನ ಅನ್ನ ಸೇರಲಿಲ್ಲ. ಸೋಂಕು ವಾಸಿಯಾಗಿ ಕೆಲವು ವಾರಗಳ ನಂತರ ನೋಡಿದರೆ ಅದು 3ಕ್ಕೆ ಇಳಿದಿತ್ತು. ಇದಕ್ಕೆ ತದ್ವಿರುದ್ಧವಾಗಿ, ಗ್ರಂಥಿ ಕುಗ್ಗಿಸಲು ಫಿನಾಸ್ಟೆರೈಡ್ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುವವರಲ್ಲಿ ಅಂಕಿ ಅರ್ಧಕ್ಕೆ ಇಳಿದಿರುತ್ತದೆ. ಇದನ್ನು ವೈದ್ಯರಿಗೆ ಹೇಳಲೇಬೇಕು.

ಹಾಗಾದರೆ ಪರೀಕ್ಷೆಯಿಂದ ಜೀವ ಉಳಿಯುವುದಿಲ್ಲವೇ? ಉಳಿಯುತ್ತದೆ. ಯುರೋಪಿನ ಎಂಟು ದೇಶಗಳಲ್ಲಿ 1,60,000ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ಅಧ್ಯಯನದ 23 ವರ್ಷಗಳ ಲೆಕ್ಕ 2025ರಲ್ಲಿ ಪ್ರಕಟವಾಯಿತು. ಪರೀಕ್ಷೆಗೆ ಕರೆದವರಲ್ಲಿ ಈ ಕ್ಯಾನ್ಸರಿನ ಸಾವು ಶೇ. 13ರಷ್ಟು ಕಡಿಮೆ. ಬಿಡಿಸಿ ಹೇಳಿದರೆ, 456 ಮಂದಿಯನ್ನು ಕರೆದರೆ ಒಂದು ಸಾವು ತಪ್ಪಿತು. ಅದೇ ಲೆಕ್ಕದ ಖರ್ಚಿನ ಬದಿಯಲ್ಲಿ, ಆ ಒಬ್ಬರಿಗಾಗಿ ಹೆಚ್ಚುವರಿಯಾಗಿ 12 ಮಂದಿ ಕ್ಯಾನ್ಸರ್ ರೋಗಿಗಳೆನಿಸಿಕೊಂಡರು. ಅವರಲ್ಲಿ ಹಲವರದು ಆಮೆಗತಿಯ ಕ್ಯಾನ್ಸರ್, ಬದುಕಿರುವವರೆಗೂ ತೊಂದರೆ ಕೊಡದಿರುವಂಥದ್ದು. ಶಸ್ತ್ರಚಿಕಿತ್ಸೆ, ವಿಕಿರಣಗಳಿಂದ ಮೂತ್ರ ಸೋರುವುದು, ಪುರುಷತ್ವ ಕುಂದುವುದು ಇದೆ. ಆದ್ದರಿಂದಲೇ ಅಪಾಯ ಕಡಿಮೆಯಿದ್ದವರನ್ನು ಈಗ ಕೊಯ್ಯದೆ, ಕಾಲಕಾಲಕ್ಕೆ ಪರೀಕ್ಷಿಸುತ್ತಾ ಕಾಯುವ ಪದ್ಧತಿ ಬಂದಿದೆ.

ಅಮೆರಿಕದ ತಜ್ಞರ ಕಾರ್ಯಪಡೆ 2012ರಲ್ಲಿ ಎಲ್ಲರಿಗೂ ಬೇಡವೆಂದಿತು, 2018ರಲ್ಲಿ 55ರಿಂದ 69ರವರೆಗಿನವರು ವೈದ್ಯರೊಡನೆ ಚರ್ಚಿಸಿ ತೀರ್ಮಾನಿಸಲಿ, 70ರ ನಂತರ ಬೇಡ ಎಂದಿತು. ತಂದೆಗೋ ಅಣ್ಣತಮ್ಮಂದಿರಿಗೋ ಚಿಕ್ಕ ವಯಸ್ಸಿನಲ್ಲೇ ಈ ರೋಗ ಬಂದಿದ್ದರೆ 45ಕ್ಕೇ ವೈದ್ಯರಲ್ಲಿ ಮಾತೆತ್ತುವುದು ಒಳ್ಳೆಯದು. ಮೂತ್ರದಲ್ಲಿ ರಕ್ತ, ಕಟ್ಟುವಿಕೆ ಇದ್ದವರು ಮಾತ್ರ ಶಿಬಿರಕ್ಕಾಗಿ ಕಾಯದೆ ನೇರವಾಗಿ ಯುರಾಲಜಿಸ್ಟರಲ್ಲಿಗೆ ಹೋಗಬೇಕು. ನಾಚಿಕೆಯಿಂದ ಹೆಂಡತಿಯ ಬಳಿಯೂ ಹೇಳದೆ ಕುಳಿತು, ರೋಗ ಮೂಳೆಗೆ ಹರಡಿದ ಮೇಲೆ ಆಸ್ಪತ್ರೆ ಸೇರುವವರು ನಮ್ಮಲ್ಲಿ ಕಡಿಮೆಯೇನಿಲ್ಲ.

ಸಂಘದ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ಶಿಬಿರದಲ್ಲಿ ಪಿಎಸ್‌ಎ ಇಡುವುದಾದರೆ ರಕ್ತ ತೆಗೆಯುವ ಮೊದಲು ಹತ್ತು ನಿಮಿಷ ಕನ್ನಡದಲ್ಲೋ ತುಳುವಿನಲ್ಲೋ ವಿವರಿಸುವ ವೈದ್ಯರೊಬ್ಬರನ್ನು ಕೂರಿಸಿ. ಅಂಕಿ ಹೆಚ್ಚು ಬಂದವರಿಗೆ ಮರುಪರೀಕ್ಷೆ, ನಂತರ ಎಂಆರ್‌ಐ, ಬೇಕಿದ್ದರಷ್ಟೇ ಬಯಾಪ್ಸಿ ಎಂಬ ದಾರಿ ತೋರಿಸಲು ಯಾರಿದ್ದಾರೆ ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ. ಬರೀ ಲಕೋಟೆ ಕೈಗಿತ್ತು ಕಳುಹಿಸಬೇಡಿ.