ಮದ್ದು ಬಂದಿತ್ತು, ಹಾಕಿದವರು ಕಡಿಮೆ

ಪ್ರಶ್ನೆ: ವಿಂಡೋಸ್‌ನ ದೋಷವನ್ನು ಕಂಪನಿ ಮೊದಲೇ ಸರಿಪಡಿಸಿದ್ದರೂ 2017ರಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಅಷ್ಟೊಂದು ಕಂಪ್ಯೂಟರ್‌ಗಳಿಗೆ ನುಗ್ಗಿದ್ದು ಹೇಗೆ?

ಉತ್ತರ: ಸರಿಪಡಿಸಿದ್ದು ನಿಜ. ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಪ್ಯಾಚ್ ಕೊಟ್ಟಿತ್ತು. ದಾಳಿಯಾದದ್ದು ಮೇ 12ಕ್ಕೆ. ಆದರೆ ಪ್ಯಾಚ್ ಬಿಡುಗಡೆಯಾಗುವುದು ಬೇರೆ, ನಮ್ಮ ಯಂತ್ರದೊಳಗೆ ಕೂರುವುದು ಬೇರೆ. ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರಕ್ಕೆ ಜೋಡಿಸಿದ ಕಂಪ್ಯೂಟರನ್ನು ಮನಸ್ಸು ಬಂದಾಗ ಅಪ್‌ಡೇಟ್ ಮಾಡಲಾಗದು. ಹಳೆಯ ತಂತ್ರಾಂಶ ಕೈಕೊಟ್ಟರೆ ರೋಗಿಗಳ ಸಾಲು ಅಲ್ಲೇ ನಿಲ್ಲುತ್ತದೆ. ಹಾಗಾಗಿ 'ಮುಂದಿನ ವಾರ ನೋಡೋಣ' ಎನ್ನುತ್ತಾರೆ. ಬ್ರಿಟನ್ನಿನ ಆಸ್ಪತ್ರೆಗಳು ಅದಕ್ಕೆ ತೆತ್ತ ಬೆಲೆ, ರದ್ದಾದ ಸಾವಿರಾರು ಅಪಾಯಿಂಟ್‌ಮೆಂಟ್‌ಗಳು.

ಇನ್ನೊಂದು ವಿಷಯ: ಯಾರೂ ಯಾವ ಲಿಂಕನ್ನೂ ಒತ್ತಬೇಕಿರಲಿಲ್ಲ. ಕಡತ ಹಂಚಿಕೊಳ್ಳುವ ಹಳೆಯ ವ್ಯವಸ್ಥೆಯ ಬಿರುಕಿನಿಂದ ವಾನಾಕ್ರೈ ತಾನಾಗಿಯೇ ಪಕ್ಕದ ಕಂಪ್ಯೂಟರ್‌ಗೆ ಹಾರುತ್ತಿತ್ತು. ಆ ಬಿರುಕನ್ನು ಬಳಸುವ ಸಾಧನವನ್ನು ಕಟ್ಟಿದ್ದು ಅಮೆರಿಕದ ಬೇಹುಗಾರಿಕೆ ಸಂಸ್ಥೆ ಎನ್‌ಎಸ್‌ಎ ಎಂಬುದೇ ನನಗೆ ಇಂದಿಗೂ ಸಿಟ್ಟು ತರಿಸುವ ಸಂಗತಿ. ಆ ಸಾಧನ ಏಪ್ರಿಲ್‌ನಲ್ಲಿ ಸೋರಿಕೆಯಾಯಿತು.

ಹರಡುವಿಕೆಗೆ ತಡೆ ಬಿದ್ದದ್ದು ಮಾರ್ಕಸ್ ಹಚಿನ್ಸ್ ಎಂಬ ಬ್ರಿಟಿಷ್ ಯುವಕನಿಂದ. ಕುತಂತ್ರಾಂಶ ಹುಡುಕುತ್ತಿದ್ದ ಅರ್ಥವಿಲ್ಲದ ಜಾಲತಾಣದ ಹೆಸರೊಂದನ್ನು ಆತ ನೋಂದಾಯಿಸಿದ. ಆ ವಿಳಾಸದಿಂದ ಉತ್ತರ ಬಂದ ಕಡೆಯಲ್ಲೆಲ್ಲ ಅದು ಸುಮ್ಮನಾಯಿತು. ಬೆಂಬಲ ನಿಂತು ಮೂರು ವರ್ಷವಾಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ತರಾತುರಿಯಲ್ಲಿ ಪ್ಯಾಚ್ ಹಂಚಿತು.