ಕಪ್ಪತಗುಡ್ಡದ ಗಾಳಿಯಂತ್ರಗಳು ಎತ್ತ ಮುಖ ಮಾಡಿವೆ?

ಗದಗ ಸೀಮೆಯಲ್ಲಿ ಡಿಸೆಂಬರ್ ಅಂದರೆ ಥಂಡಿ. ಎರಿ ಹೊಲಗಳಲ್ಲಿ ಬಿಳಿಜೋಳ ಬೆಳೆದು ನಿಂತಿರುತ್ತದೆ, ಕಡಲೆ ಹೂವು ಕಾಯಿ ಕಟ್ಟುತ್ತಿರುತ್ತದೆ. ಕೆಲವು ವರ್ಷ ಮಾತ್ರ ಎರಡು ಮೂರು ದಿನ ಎಲ್ಲವೂ ತಿರುವುಮುರುವಾಗುತ್ತದೆ. ಬೂದು ಮೋಡ ಕವಿದು ಹಗಲು ತಂಪಾಗುತ್ತದೆ, ರಾತ್ರಿ ಬೆಚ್ಚಗಾಗುತ್ತದೆ. ಮೂಡಲಗಾಳಿ ಇರುಳೆಲ್ಲ ಬೀಸುತ್ತದೆ, ಬೆಳಗ್ಗೆ ಎಲೆಗಳ ಮೇಲೆ ಇಬ್ಬನಿ ಕಾಣುವುದಿಲ್ಲ. ಇದಕ್ಕೆ ಕಾರಣ ಹುಡುಕುತ್ತ ಹೋದರೆ ಬಹಳ ಸಲ ಬಂಗಾಳ ಕೊಲ್ಲಿಗೆ ಹೋಗಿ ಮುಟ್ಟುತ್ತೇವೆ.

2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿಯ ಬಳಿ ದಡ ಹತ್ತಿತು. ಹತ್ತಿದ ಮೇಲೂ ಗಂಟೆಗಟ್ಟಲೆ ಅಲ್ಲೇ ಬೀಡುಬಿಟ್ಟು, ಒಂದೇ ದಿನದಲ್ಲಿ ಆ ಊರಿಗೆ 45 ಸೆಂ.ಮೀ.ಗೂ ಹೆಚ್ಚು ಮಳೆ ಸುರಿಸಿತು. ಬಳಿಕ ಬಲ ಕಳೆದುಕೊಂಡು ಪಶ್ಚಿಮಕ್ಕೆ ಸರಿದು, ಡಿಸೆಂಬರ್ 3ರ ಹೊತ್ತಿಗೆ ಕರ್ನಾಟಕದ ಕರಾವಳಿಯಾಚೆ ಅರಬ್ಬಿ ಸಮುದ್ರಕ್ಕೆ ಇಳಿಯಿತು. ಅದಕ್ಕೆ ಎರಡು ವರ್ಷ ಮೊದಲು, 2022ರ ಡಿಸೆಂಬರ್ 9ರ ನಡುರಾತ್ರಿಯ ಸುಮಾರಿಗೆ ಮಾಮಲ್ಲಪುರಂ ಬಳಿ ದಡ ಸೇರಿದ ಮಾಂಡೌಸ್ ಕೂಡ ಹೀಗೇ ಪಶ್ಚಿಮದ ದಾರಿ ಹಿಡಿದಿತ್ತು.

ಪುದುಚೇರಿ ಗದಗಿನಿಂದ ಆಗ್ನೇಯಕ್ಕೆ ನೇರ ಗೆರೆಯಲ್ಲಿ ಸುಮಾರು 600 ಕಿ.ಮೀ. ದೂರ. ಇಷ್ಟು ದೂರದ ಚಂಡಮಾರುತದ ನಡೆಯನ್ನು ಮುಂಡರಗಿಯಲ್ಲೋ ಶಿರಹಟ್ಟಿಯಲ್ಲೋ ನಿಂತು ಗುರುತಿಸಬಹುದೇ? ಖಂಡಿತ ಗುರುತಿಸಬಹುದು, ಅದಕ್ಕೆ ಬೇಕಾದ ದೊಡ್ಡ ಉಪಕರಣ ಕಣ್ಣೆದುರೇ ಇದೆ. ಕಪ್ಪತಗುಡ್ಡದ ಸಾಲಿನ ಗಾಳಿಯಂತ್ರಗಳು ಗಾಳಿ ಬಂದ ದಿಕ್ಕಿಗೇ ತಮ್ಮ ತಲೆ ತಿರುಗಿಸಿಕೊಳ್ಳುತ್ತವೆ. ಮುಂಗಾರಿನಲ್ಲಿ ಅವು ಪಡುವಣಕ್ಕೆ ಮುಖ ಮಾಡಿರುತ್ತವೆ, ಚಳಿಗಾಲದಲ್ಲಿ ಮೂಡಣಕ್ಕೆ. ಗುಡ್ಡದ ಸಾಲು ವಾಯವ್ಯದಿಂದ ಆಗ್ನೇಯಕ್ಕೆ ಚಾಚಿದೆ. ಹಾಗಾಗಿ ನೈಋತ್ಯದ ಗಾಳಿಗೂ ಈಶಾನ್ಯದ ಗಾಳಿಗೂ ಅದು ಅಡ್ಡ ನಿಲ್ಲುತ್ತದೆ, ನೆತ್ತಿಯನ್ನು ದಾಟುವಾಗ ಗಾಳಿಯ ವೇಗ ಹೆಚ್ಚುತ್ತದೆ.

ಇನ್ನು ದಿಕ್ಕನ್ನು ಓದುವ ಬಗೆ. ಡಚ್ ವಿಜ್ಞಾನಿ ಬಾಯ್ಸ್ ಬ್ಯಾಲಟ್ 1857ರಲ್ಲಿ ಒಂದು ಸರಳ ನಿಯಮ ಹೇಳಿದ. ಭೂಮಿಯ ಉತ್ತರಾರ್ಧದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕಡಿಮೆ ಒತ್ತಡದ ಕೇಂದ್ರ ನಮ್ಮ ಎಡಗಡೆ, ಕೊಂಚ ಮುಂದಕ್ಕೆ ಇರುತ್ತದೆ. ಈಶಾನ್ಯದಿಂದ ಬೀಸಿದರೆ ಎಡಗೈ ತೋರುವುದು ಆಗ್ನೇಯವನ್ನು, ಅಂದರೆ ತಮಿಳುನಾಡಿನ ಕರಾವಳಿಯನ್ನು. ಆದರೆ ಈಶಾನ್ಯದ ಗಾಳಿ ಈ ಋತುವಿನಲ್ಲಿ ಎಂದಿನದೇ, ಅದೊಂದರಿಂದ ಏನೂ ತೀರ್ಮಾನಿಸಲಾಗದು. ನೋಡಬೇಕಾದದ್ದು ತಿರುವನ್ನು. ಕೇಂದ್ರ ನಮ್ಮ ದಕ್ಷಿಣಕ್ಕೆ ಬಂದಾಗ ಗಾಳಿ ನೇರ ಪೂರ್ವದಿಂದ ಬೀಸುತ್ತದೆ, ಅರಬ್ಬಿ ಸಮುದ್ರದತ್ತ ದಾಟಿದಾಗ ಆಗ್ನೇಯದಿಂದ. ಯಂತ್ರಗಳ ಮುಖ ಗಡಿಯಾರದ ಮುಳ್ಳಿನಂತೆ ಬಲಕ್ಕೆ ಸರಿಯುತ್ತ ಹೋದರೆ ಚಂಡಮಾರುತದ ಶೇಷ ನಮ್ಮ ಕೆಳಗಿನಿಂದ ಹಾದು ಹೋಗುತ್ತಿದೆ ಎಂದರ್ಥ. ಉಪಗ್ರಹದ ಚಿತ್ರ ಮೊಬೈಲಿನಲ್ಲಿ ಸಿಗುವ ಈ ಕಾಲದಲ್ಲೂ ಇದನ್ನು ಕಣ್ಣಾರೆ ಕಾಣುವುದರಲ್ಲಿ ಬೇರೆಯದೇ ಖುಷಿಯಿದೆ.

ಬೆಚ್ಚಗಿನ ರಾತ್ರಿಯ ಗುಟ್ಟು ಇನ್ನೂ ಸ್ವಾರಸ್ಯದ್ದು. ಬಿಸಿಗಾಳಿ ಬಂದು ರಾತ್ರಿಯನ್ನು ಕಾಯಿಸುತ್ತದೆ ಎಂದು ಅನೇಕರು ತಿಳಿಯುತ್ತಾರೆ. ಮುಖ್ಯ ಕಾರಣ ಅದಲ್ಲ. ಶುಭ್ರ ಚಳಿಗಾಲದ ಇರುಳಲ್ಲಿ ನೆಲ ತನ್ನ ಶಾಖವನ್ನು ಅವಕೆಂಪು ಕಿರಣಗಳಾಗಿ ಆಕಾಶಕ್ಕೆ ಬಿಟ್ಟು ಬೇಗ ತಣಿಯುತ್ತದೆ. ನೆಲಕ್ಕಂಟಿದ ಗಾಳಿಯೂ ತಣಿದು, ಭಾರವಾಗಿ, ಅಲುಗದೆ ಕೂರುತ್ತದೆ. ಆಗ ಹೊಲದ ಮಟ್ಟಕ್ಕಿಂತ ಗುಡ್ಡದ ಮೇಲೆಯೇ ಬೆಚ್ಚಗಿರಬಹುದು. ಚಂಡಮಾರುತದ ಮೋಡ ಕವಿದಾಗ ಹೊರಟ ಶಾಖದ ಬಹುಪಾಲನ್ನು ಮೋಡಗಳು ಹೀರಿ ಮತ್ತೆ ನೆಲದ ಕಡೆಗೇ ಸೂಸುತ್ತವೆ. ಜೊತೆಗೆ ಬೀಸುವ ಗಾಳಿ ಮೇಲಿನ ಬೆಚ್ಚನೆಯ ಪದರವನ್ನು ಕೆಳಗಿನ ತಣ್ಣನೆಯ ಪದರದೊಂದಿಗೆ ಕಲಸಿಬಿಡುತ್ತದೆ. ಗಾಳಿ ಜೋರಾದ ಇರುಳು ಬೆಚ್ಚಗಿರುವುದು ಕಾಕತಾಳೀಯವಲ್ಲ. ಹಗಲಿನಲ್ಲಿ ಅದೇ ಮೋಡ ಬಿಸಿಲನ್ನು ತಡೆಯುತ್ತದೆ. ಹೀಗೆ ಗರಿಷ್ಠ ತಾಪಮಾನ ಇಳಿದು, ಕನಿಷ್ಠ ತಾಪಮಾನ ಏರಿ, ಎರಡೂ ಹತ್ತಿರ ಬರುತ್ತವೆ.

ಕೆಲವು ಮೊಬೈಲುಗಳಲ್ಲಿ ವಾಯುಭಾರ ಅಳೆಯುವ ಸಂವೇದಕವೂ ಇರುತ್ತದೆ. ಅದನ್ನು ನೋಡುವವರಿಗೆ ಒಂದು ಎಚ್ಚರಿಕೆ. ನಮ್ಮ ಅಕ್ಷಾಂಶದಲ್ಲಿ ವಾಯುಭಾರ ದಿನಕ್ಕೆ ಎರಡು ಸಲ ತಾನಾಗಿಯೇ ಏರಿಳಿಯುತ್ತದೆ: ಬೆಳಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಏರಿಕೆ, ನಾಲ್ಕರ ಸುಮಾರಿಗೆ ಇಳಿಕೆ. ಹತ್ತಕ್ಕೂ ಸಂಜೆ ನಾಲ್ಕಕ್ಕೂ ನಡುವೆ ಮೂರು ನಾಲ್ಕು ಮಿಲಿಬಾರ್ ಇಳಿದರೆ ಚಂಡಮಾರುತ ಬಂತೆಂದು ಗಾಬರಿಯಾಗಬೇಕಿಲ್ಲ. ಇಂದಿನ ನಾಲ್ಕು ಗಂಟೆಯ ಅಂಕಿಯನ್ನು ನಿನ್ನೆಯ ನಾಲ್ಕು ಗಂಟೆಯದಕ್ಕೇ ಹೋಲಿಸಬೇಕು. ಗದಗ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಅಂಕಿ ಚೆನ್ನೈಗಿಂತ ಸುಮಾರು 70 ಮಿಲಿಬಾರ್ ಕಡಿಮೆಯೇ ಇರುತ್ತದೆ.

ರೈತನಿಗೆ ಇದು ಹವ್ಯಾಸದ ವಿಷಯವಲ್ಲ. ಕಡಲೆ ಎಲೆಯ ಮೇಲಿನ ಹುಳಿಯನ್ನು ತುಂತುರು ಮಳೆ ತೊಳೆದುಬಿಡುತ್ತದೆ. ಮೋಡ ಕವಿದ ದಿನಗಳಲ್ಲಿ ಕಾಯಿಕೊರಕ ಕೀಡಿಯ ಕಾಟ ಹೆಚ್ಚುತ್ತದೆಂದು ಹೊಲದವರು ಆತಂಕಪಡುತ್ತಾರೆ. ಒಣಗಲು ಹರವಿದ ಬ್ಯಾಡಗಿ ಮೆಣಸಿನಕಾಯಿ ಒಂದು ದಿನದ ಜಿಟಿಜಿಟಿಗೇ ಬಣ್ಣ ಕಳೆದುಕೊಳ್ಳಬಹುದು, ಬಣ್ಣ ಹೋದರೆ ದರವೂ ಹೋಯಿತು. ಗಾಳಿಯ ದಿಕ್ಕು ಬದಲಾದದ್ದನ್ನು ಅರ್ಧ ದಿನ ಮೊದಲೇ ಕಂಡವರು ರಾಶಿಗೆ ತಾಡಪತ್ರಿ ಹೊದಿಸಿಯಾರು.

ನನಗೆ ಕುತೂಹಲ ಇರುವುದು ಮತ್ತೊಂದು ಲೆಕ್ಕದಲ್ಲಿ. ಈಶಾನ್ಯದ ಗಾಳಿಗೆ ಗುಡ್ಡದ ಮೂಡಲಲ್ಲಿರುವ ಮುಂಡರಗಿ ಎದುರಾದರೆ, ಶಿರಹಟ್ಟಿ ಮತ್ತು ಲಕ್ಷ್ಮೇಶ್ವರ ಮರೆಯಲ್ಲಿ ಉಳಿಯುತ್ತವೆ. ಗುಡ್ಡ ಅಷ್ಟೇನೂ ಎತ್ತರದ್ದಲ್ಲ. ಆದರೂ ಚಳಿಗಾಲದ ತುಂತುರು ಮೂಡಲ ಮಗ್ಗುಲಲ್ಲೇ ಹೆಚ್ಚು ಬೀಳುತ್ತದೆಯೇ? ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕಗಳನ್ನು ನೆಟ್ಟಿದೆ. ಫೆಂಗಲ್, ಮಾಂಡೌಸ್ ದಿನಗಳ ಅಂಕಿಗಳನ್ನು ಅಲ್ಲಿಂದ ಪಡೆದು, ಎರಡೂ ಮಗ್ಗುಲಿನ ಹಳ್ಳಿಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಕೆಲಸವನ್ನು ಗದಗ-ಬೆಟಗೇರಿಯ ಯಾವುದಾದರೂ ಕಾಲೇಜಿನ ಹುಡುಗ ಹುಡುಗಿಯರು ಮುಂದಿನ ಚಂಡಮಾರುತಕ್ಕೆ ಮೊದಲೇ ಮಾಡಬಹುದು.