ಮರಳಿನೊಳಗಿನ ರಾಜಧಾನಿ ತಲಕಾಡು



ಮರುಭೂಮಿಯ ಊರು ಎಂದರೆ ನಮ್ಮವರಿಗೆ ಮೊದಲು ನೆನಪಾಗುವುದು ರಾಜಸ್ಥಾನದ ಜೈಸಲ್ಮೇರ್, ಅಲ್ಲಿಯ ಕೋಟೆಯೊಳಗಿನ ಜಿನಮಂದಿರಗಳು. ಆದರೆ ನಮ್ಮ ಕರ್ನಾಟಕದಲ್ಲಿಯೇ, ಅದೂ ಕಾವೇರಿಯ ದಡದಲ್ಲಿ, ಮರಳಿನ ದಿನ್ನೆಗಳ ಊರೊಂದಿದೆ. ಅದು ಮೈಸೂರು ಜಿಲ್ಲೆ ತಿರುಮಕೂಡಲು ನರಸೀಪುರ ತಾಲ್ಲೂಕಿನ ತಲಕಾಡು. ನಾಲತವಾಡದ ಕಡೆಯಿಂದ ಶ್ರವಣಬೆಳಗೊಳಕ್ಕೆ ಯಾತ್ರೆ ಹೋಗುವ ನಾವು ಮೈಸೂರು ನೋಡಿ ಹಿಂದಿರುಗುತ್ತೇವೆ, ತಲಕಾಡಿಗೆ ಹೋಗುವವರು ಕಡಿಮೆ. ಆದರೆ ಬೆಳಗೊಳದ ಕಥೆಯ ಬೇರು ಇರುವುದು ಇಲ್ಲಿಯೇ.

ಗಂಗ ಅರಸರು ಮೊದಲು ಕೋಲಾರದಿಂದ ಆಳುತ್ತಿದ್ದರು. ಹರಿವರ್ಮನ ಕಾಲದಲ್ಲಿ ರಾಜಧಾನಿ ತಲಕಾಡಿಗೆ ಬಂತು. ಈ ರಾಜ್ಯ ಕಟ್ಟಲು ಸಿಂಹನಂದಿ ಆಚಾರ್ಯರು ನೆರವಾದರೆಂದು ನಂತರದ ಶಾಸನಗಳು ಹೇಳುತ್ತವೆ. ಸುಮಾರು ಆರು ಶತಮಾನಗಳ ಕಾಲ ಗಂಗರ ಆಶ್ರಯದಲ್ಲಿ ಬಸದಿ, ಮುನಿಸಂಘ, ಶಾಸ್ತ್ರಗಳು ಬೆಳೆದವು. ಗಂಗದೊರೆ ಮಾರಸಿಂಹನು ರಾಜ್ಯ ಬಿಟ್ಟು ಬಂಕಾಪುರದಲ್ಲಿ ಅಜಿತಸೇನ ಆಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ಸ್ವೀಕರಿಸಿದನು. ಗೊಮ್ಮಟೇಶ್ವರನನ್ನು ಕಡೆಸಿದ ಚಾವುಂಡರಾಯನು ಇದೇ ಗಂಗರ ಮಂತ್ರಿ. ಅವನ ಚಾವುಂಡರಾಯ ಪುರಾಣದ ಕಾಲ ಕ್ರಿ.ಶ. 978.

ಸುಮಾರು 1004ರಲ್ಲಿ ಚೋಳರು ತಲಕಾಡನ್ನು ಗೆದ್ದು ರಾಜರಾಜಪುರ ಎಂದು ಹೆಸರಿಟ್ಟರು. ನೂರಕ್ಕೂ ಹೆಚ್ಚು ವರ್ಷಗಳ ನಂತರ ಹೊಯ್ಸಳ ವಿಷ್ಣುವರ್ಧನನಿಗಾಗಿ ಅದನ್ನು ಬಿಡಿಸಿಕೊಟ್ಟವನು ಅವನ ದಂಡನಾಯಕ ಗಂಗರಾಜ, ಪರಮ ಜಿನಭಕ್ತ. ಅರಸನು ಆ ಜಯದ ನೆನಪಿಗೆ 1117ರಲ್ಲಿ ಕೀರ್ತಿನಾರಾಯಣ ದೇವಾಲಯ ಕಟ್ಟಿಸಿದನು. ಗಂಗರಾಜನು ಅರಸನಿಂದ ಪಡೆದ ಗೋವಿಂದವಾಡಿ ಎಂಬ ಊರನ್ನು ಗೊಮ್ಮಟದೇವರ ಪೂಜೆಗೆ ಬಿಟ್ಟನು. ಗಂಗವಾಡಿಯ ಹಾಳುಬಿದ್ದ ಬಸದಿಗಳನ್ನು ಜೀರ್ಣೋದ್ಧಾರ ಮಾಡಿಸಿದವನೂ, ಗೊಮ್ಮಟನ ಸುತ್ತಾಲಯ ಕಟ್ಟಿಸಿದವನೂ ಅವನೇ. ಗೆದ್ದದ್ದರಲ್ಲಿ ತನಗೆಂದು ಇಟ್ಟುಕೊಳ್ಳದೆ ಧರ್ಮಕ್ಕೆ ಕೊಟ್ಟ ಈ ಮಾತು ವ್ಯಾಪಾರ ಮಾಡುವ ನನ್ನಂಥವರಿಗೆ ಪಾಠವಾಗಿದೆ.

ಇಷ್ಟು ಮರಳು ಎಲ್ಲಿಂದ ಬಂತು? ಶ್ರೀರಂಗಪಟ್ಟಣವು ರಾಜ ಒಡೆಯರ ಕೈಗೆ ಬಂದಾಗ ಅಲಮೇಲಮ್ಮ ಎಂಬ ರಾಣಿ ಶಾಪ ಕೊಟ್ಟು ಕಾವೇರಿಗೆ ಹಾರಿದಳೆಂಬುದು ಜನಪ್ರಿಯ ಕಥೆ. ನದಿಯನ್ನು ಬಲ್ಲವರು ಬೇರೆ ಕಾರಣ ಕೊಡುತ್ತಾರೆ. ಕಾವೇರಿ ಇಲ್ಲಿ ದೊಡ್ಡದಾಗಿ ತಿರುಗುತ್ತದೆ. ವಿಜಯನಗರದ ಕಾಲದಲ್ಲಿ ಮೇಲುಗಡೆ ಮಾಧವಮಂತ್ರಿ ಅಣೆಕಟ್ಟೆ ಕಟ್ಟಿದ ಮೇಲೆ ನೀರಿನ ಹರಿವು ಬದಲಾಗಿ ನದಿಪಾತ್ರದ ಮರಳು ಬಯಲಾಯಿತು. ಗಾಳಿ ಅದನ್ನು ಊರ ಮೇಲೆ ತಂದು ಸುರಿಯಿತು. ಜನ ಮನೆ ಬಿಟ್ಟು ದೂರ ಸರಿದು ಹೊಸ ಊರು ಕಟ್ಟಿಕೊಂಡರು.

ಇಂದು ನೀಲಗಿರಿ ಮರಗಳ ನೆರಳಿನಲ್ಲಿ ಮರಳಿನ ಮೇಲೆ ನಡೆದು, ಮೆಟ್ಟಿಲಿಳಿದು ದೇವಾಲಯ ನೋಡಬೇಕು. ವೈದ್ಯೇಶ್ವರ, ಪಾತಾಳೇಶ್ವರ, ಮರುಳೇಶ್ವರ, ಅರ್ಕೇಶ್ವರ, ಮಲ್ಲಿಕಾರ್ಜುನ ಎಂಬ ಪಂಚಲಿಂಗಗಳ ದರ್ಶನಕ್ಕೆ ಕೆಲವು ವರ್ಷಗಳಿಗೊಮ್ಮೆ ಕಾರ್ತಿಕದಲ್ಲಿ ಜನ ಸಾಗರವಾಗಿ ಸೇರುತ್ತಾರೆ. ಕೀರ್ತಿನಾರಾಯಣ ದೇವಾಲಯವನ್ನು ಮರಳಿನಿಂದ ಬಿಡಿಸಿ ಮತ್ತೆ ಜೋಡಿಸಲಾಗಿದೆ.

ಹೋಗುವವರಿಗೆ ಒಂದೆರಡು ಸೂಚನೆ. ಮಧ್ಯಾಹ್ನ ಮರಳು ಕಾದು ಬರಿಗಾಲಿಗೆ ಸುಡುತ್ತದೆ, ಬೆಳಗ್ಗೆಯೇ ಹೋಗಿರಿ. ಸೂರ್ಯಾಸ್ತದೊಳಗೆ ಊಟ ಮಾಡುವವರು ಬುತ್ತಿ ಕಟ್ಟಿಕೊಂಡು ಹೋಗುವುದು ಒಳ್ಳೆಯದು. ನದಿಯಲ್ಲಿ ಮಡುಗಳಿವೆ, ಮಕ್ಕಳನ್ನು ಆಳಕ್ಕೆ ಬಿಡಬಾರದು. ಹೊಯ್ಸಳರ ಸೋಮನಾಥಪುರವೂ ಹತ್ತಿರವೇ ಇದೆ.

ನಮ್ಮ ತಂಡದ ಹುಡುಗನೊಬ್ಬ ಅಲ್ಲಿ ನನ್ನ ಕೈ ಹಿಡಿದು, "ಅಜ್ಜಾ, ಇಷ್ಟೆಲ್ಲಾ ಗುಡಿ ನೋಡಿದ್ವಿ, ನಮ್ಮ ಬಸದಿ ಎಲ್ಲದ?" ಎಂದು ಕೇಳಿದ. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ ಮರದ ನೆರಳಿನಲ್ಲಿ ಕೂಡಿಸಿ ಸಿಂಹನಂದಿ, ಚಾವುಂಡರಾಯ, ಗಂಗರಾಜ ಇವರ ಕಥೆ ಹೇಳಿದೆ. ಉಳಿದ ಮಕ್ಕಳೂ ಬಂದು ಕುಳಿತರು. ಊರನ್ನು ಮರಳು ಮುಚ್ಚಿತು, ಆದರೆ ಗಂಗರಾಜನ ದಾನ ಬೆಳಗೊಳದ ಕಲ್ಲಿನ ಮೇಲೆ ಇಂದಿಗೂ ಓದಲು ಸಿಗುತ್ತದೆ. ನಾವು ಮಕ್ಕಳಿಗೆ ಹೇಳದಿದ್ದರೆ ಮಾತ್ರ ಅದೂ ಮರೆಯಾಗುತ್ತದೆ. ಮುಂದಿನ ಬೆಳಗೊಳ ಯಾತ್ರೆಯಲ್ಲಿ ತಲಕಾಡಿಗೆ ಅರ್ಧ ದಿನ ಇಟ್ಟುಕೊಳ್ಳಿರಿ.